ಗರ್ಭಿಣಿಗೆ ಎಚ್‌ಐವಿ ಪರೀಕ್ಷೆ: ಒಪ್ಪಿಗೆ ಕಡ್ಡಾಯವೇ? ಗಂಡನಿಗೆ ಯಾರು ಹೇಳಬೇಕು? ಕಾನೂನಿನಲ್ಲಿರುವುದು ಇಷ್ಟು

ನಾಗಪುರ: ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಊರಿನವರು ಬರೀ ‘ಮೆಡಿಕಲ್’ ಎನ್ನುತ್ತಾರೆ. ಇಂದಿರಾ ಗಾಂಧಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ‘ಮೇಯೊ’ ಎಂಬ ಹಳೆಯ ಹೆಸರೇ ಚಾಲ್ತಿಯಲ್ಲಿದೆ. ಇವೆರಡರ ಜೊತೆಗೆ ಹೆರಿಗೆಗೆಂದೇ ಇರುವ ಡಾಗಾ ಸರ್ಕಾರಿ ಮಹಿಳಾ ಆಸ್ಪತ್ರೆ. ವಿದರ್ಭದ ಹಳ್ಳಿಗಳಿಂದ ಮಾತ್ರವಲ್ಲ, ಪಕ್ಕದ ಮಧ್ಯಪ್ರದೇಶ, ಛತ್ತೀಸ್‌ಗಢದಿಂದಲೂ ರೋಗಿಗಳು ನಾಗಪುರಕ್ಕೆ ಬರುತ್ತಾರೆ.

ಗರ್ಭಿಣಿ ಮೊದಲ ಬಾರಿ ತಪಾಸಣೆಗೆ ಬಂದಾಗ ರಕ್ತ ತೆಗೆಯುತ್ತಾರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ಅಂಶದ ಜೊತೆಗೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಬೇಕು. ನಾಗಪುರವಾಗಲಿ, ಬೆಳಗಾವಿಯಾಗಲಿ ಕ್ರಮ ಒಂದೇ. ಆದರೆ ಯಾವುದಕ್ಕೆ ರಕ್ತ ಕೊಡುತ್ತಿದ್ದೇನೆ ಎಂದು ಆಕೆಗೆ ಯಾರಾದರೂ ಹೇಳಿದರೇ? ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕೆಲಸ ಔಷಧದಷ್ಟೇ ಈ ಪ್ರಶ್ನೆಯ ಮೇಲೂ ನಿಂತಿದೆ.

ಔಷಧ ಇದೆ, ಅಗ್ಗವಾಗಿಯೂ ಇದೆ

ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45. ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಎದೆಹಾಲಿನ ಮೂಲಕ ಅದು ದಾಟಬಹುದು. ತಾಯಿ ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಂಡರೆ ಈ ಪ್ರಮಾಣ ಶೇ 5ಕ್ಕಿಂತ ಕೆಳಗಿಳಿಯುತ್ತದೆ. 2014ರಿಂದ ಭಾರತದಲ್ಲಿ ಸೋಂಕಿತ ಗರ್ಭಿಣಿಯರೆಲ್ಲರಿಗೂ ಜೀವನಪೂರ್ತಿ ಉಚಿತ ಎಆರ್‌ಟಿ ನೀಡುವುದು ನೀತಿ. ಮಗುವಿಗೆ ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್, ಆರನೇ ವಾರದಲ್ಲಿ ಮೊದಲ ಪರೀಕ್ಷೆ, 18 ತಿಂಗಳಿಗೆ ಕೊನೆಯ ಪರೀಕ್ಷೆ.

ಸಿಫಿಲಿಸ್ ಇನ್ನೂ ಸುಲಭ. ಆರಂಭದ ಹಂತದ ಸೋಂಕಿಗೆ ಬೆಂಜಥೀನ್ ಪೆನ್ಸಿಲಿನ್‌ನ ಒಂದೇ ಚುಚ್ಚುಮದ್ದು ಸಾಕು; ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಕೊಟ್ಟಿರಬೇಕು ಅಷ್ಟೇ. ಹೆಪಟೈಟಿಸ್ ಬಿ ತಡೆಗೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೇಕು. ಹುಟ್ಟುವಾಗಲೇ ಈ ವೈರಸ್ ತಗಲಿದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತಕ್ಕೆ ಸೋಂಕು ದೀರ್ಘಕಾಲ ಉಳಿದುಬಿಡುತ್ತದೆ.

ಅಂಕಿ ಅಂಶವಷ್ಟೇ ಸಾಲದು

ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಹರಡುವುದನ್ನು ನಿವಾರಿಸಿದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯನ್ನು ಮೊದಲು ಪಡೆದ ದೇಶ ಕ್ಯೂಬಾ. ಅದು 2015ರಲ್ಲಿ. ಥಾಯ್ಲೆಂಡ್ 2016ರಲ್ಲಿ, ನಮ್ಮ ನೆರೆಯ ಶ್ರೀಲಂಕಾ 2019ರಲ್ಲಿ ಆ ಸಾಲಿಗೆ ಸೇರಿದವು. ಭಾರತಕ್ಕೆ ಆ ಮಾನ್ಯತೆ ಇನ್ನೂ ದಕ್ಕಿಲ್ಲ.

ಮಾನ್ಯತೆ ನೀಡುವ ಮುನ್ನ ಪರೀಕ್ಷೆ, ಚಿಕಿತ್ಸೆಯ ಶೇಕಡಾವಾರು ಲೆಕ್ಕ ಮಾತ್ರ ನೋಡುವುದಿಲ್ಲ. ಪ್ರಯೋಗಾಲಯದ ಗುಣಮಟ್ಟ, ದತ್ತಾಂಶದ ಸಾಚಾತನದ ಜೊತೆ ಮಾನವ ಹಕ್ಕುಗಳನ್ನೂ ಪ್ರತ್ಯೇಕವಾಗಿ ತೂಗುತ್ತಾರೆ. ಬಲವಂತದ ಪರೀಕ್ಷೆ ನಡೆಯುತ್ತಿದೆಯೇ, ಸೋಂಕಿತ ಮಹಿಳೆಯರಿಗೆ ಒತ್ತಾಯದ ಸಂತಾನಹರಣ ಚಿಕಿತ್ಸೆ ಆಗುತ್ತಿದೆಯೇ, ಗುಟ್ಟು ರಟ್ಟಾಗುತ್ತಿದೆಯೇ, ಸೋಂಕಿತ ಮಹಿಳೆಯರನ್ನು ಕಾರ್ಯಕ್ರಮದ ತೀರ್ಮಾನಗಳಲ್ಲಿ ಸೇರಿಸಿಕೊಳ್ಳಲಾಗಿದೆಯೇ ಎಂದು ಕೇಳುತ್ತಾರೆ. ಇದು ಔದಾರ್ಯದ ಮಾತಲ್ಲ, ಲೆಕ್ಕಾಚಾರವೂ ಹೌದು. ಅವಮಾನವಾದ ಆಸ್ಪತ್ರೆಗೆ ಯಾರೂ ಎರಡನೇ ಸಲ ಹೋಗುವುದಿಲ್ಲ. ಎಆರ್‌ಟಿಗೆ ತಿಂಗಳು ತಿಂಗಳು ಹೋಗಬೇಕು.

ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಹುದೇ?

ಮಾಡುವಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 5ನೇ ಸೆಕ್ಷನ್ ಪ್ರಕಾರ ತಿಳಿವಳಿಕೆಯ ಒಪ್ಪಿಗೆ ಬೇಕು. ಪರೀಕ್ಷೆಗೆ ಮೊದಲೂ ನಂತರವೂ ಆಪ್ತ ಸಮಾಲೋಚನೆ ಇರಬೇಕು. ಒಪ್ಪಿಗೆ ಬೇಡದ ಸಂದರ್ಭಗಳನ್ನೂ ಕಾಯ್ದೆ ಹೆಸರಿಸಿದೆ: ನ್ಯಾಯಾಲಯದ ಆದೇಶ, ರಕ್ತ ಅಥವಾ ಅಂಗಾಂಗ ದಾನದ ತಪಾಸಣೆ, ಹೆಸರಿಲ್ಲದೆ ನಡೆಯುವ ಸಮೀಕ್ಷೆ ಇತ್ಯಾದಿ. ಈ ಪಟ್ಟಿಯಲ್ಲಿ ಗರ್ಭಧಾರಣೆ ಇಲ್ಲ. ಹೆರಿಗೆ ನೋವಿನಲ್ಲೇ ಮೊದಲ ಬಾರಿ ಆಸ್ಪತ್ರೆ ಮೆಟ್ಟಿಲು ಹತ್ತಿದವಳಿಗೂ ಇಲ್ಲ.

ವಾಸ್ತವದಲ್ಲಿ ಬೇಡವೆಂದು ಹೇಳದಿದ್ದರೆ ಒಪ್ಪಿದಂತೆ ಎಂಬ ರೀತಿಯಲ್ಲಿ ಕೆಲಸ ಸಾಗುವುದೇ ಹೆಚ್ಚು. ಹೊರರೋಗಿ ವಿಭಾಗದ ಉದ್ದ ಸಾಲಿನಲ್ಲಿ ನಿಂತ, ಬೇರೆ ಭಾಷೆಯ ಮಹಿಳೆ ‘ಬೇಡ’ ಎನ್ನುವ ಸಂಭವ ಎಷ್ಟು? ಗಡ್‌ಚಿರೋಲಿಯ ಗೊಂಡಿ ಅಥವಾ ಮಾಡಿಯಾ ಮಾತನಾಡುವವಳಿಗೆ ಮರಾಠಿ ಅರ್ಜಿಯ ಮೇಲಿನ ಹೆಬ್ಬೆಟ್ಟು ಒಪ್ಪಿಗೆಯೇ?

ಗಂಡನಿಗೆ ಹೇಳುವುದು ಯಾರು?

ಹೆಚ್ಚು ನೋವು ಕೊಡುವ ಭಾಗ ಇದೇ. ಗರ್ಭಿಣಿಯರಿಗೆ ಪರೀಕ್ಷೆ ಮೊದಲು ಆಗುವುದರಿಂದ ಮನೆಯಲ್ಲಿ ಸೋಂಕು ಮೊದಲು ಗೊತ್ತಾಗುವುದು ಸೊಸೆಗೆ. ಗಂಡನಿಂದಲೇ ಬಂದಿದ್ದರೂ ‘ತಂದವಳು ನೀನೇ’ ಎಂಬ ಮಾತು ಅವಳ ಮೇಲೆ ಬೀಳುತ್ತದೆ. ತವರಿಗೆ ಕಳಿಸುವುದೂ ಉಂಟು.

ಆಕೆಯ ಸ್ಥಿತಿಯನ್ನು ಬಹಿರಂಗಪಡಿಸಲು ಆಕೆಯ ಒಪ್ಪಿಗೆ ಬೇಕು ಎನ್ನುತ್ತದೆ ಕಾಯ್ದೆ. ಸಂಗಾತಿಗೆ ಸೋಂಕು ತಗಲುವ ಗಂಭೀರ ಅಪಾಯವಿದ್ದು, ಸಮಾಲೋಚನೆಯ ನಂತರವೂ ಆಕೆ ತಿಳಿಸದಿದ್ದರೆ ವೈದ್ಯರು ಅಥವಾ ಸಮಾಲೋಚಕರು ಹೇಳಬಹುದು. ಅದೂ ಆಕೆಗೆ ಮೊದಲೇ ತಿಳಿಸಿ. ಆದರೆ ಹೇಳಿದರೆ ಹಲ್ಲೆ ನಡೆಯಬಹುದು, ಮನೆಯಿಂದ ಹೊರಹಾಕಬಹುದು ಎಂಬ ಸಕಾರಣ ಭಯವಿದ್ದರೆ, ವಿಶೇಷವಾಗಿ ಮಹಿಳೆಯರ ವಿಷಯದಲ್ಲಿ, ಹೇಳುವಂತಿಲ್ಲ. ಅತ್ತೆಗೆ, ನಾದಿನಿಗೆ, ಜೊತೆಗೆ ಬಂದ ಆಶಾ ಕಾರ್ಯಕರ್ತೆಗೆ ಹೇಳಲು ಆಸ್ಪತ್ರೆಗೆ ಅಧಿಕಾರವೇ ಇಲ್ಲ. ಹಾಸಿಗೆ ಮೇಲೆ ಫಲಕ ತೂಗುಹಾಕುವುದು, ಕೇಸ್ ಪೇಪರ್ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು ಗೌಪ್ಯತೆಯ ಉಲ್ಲಂಘನೆಯೇ.

‘ಮಗು ಬೇಡ’ ಎಂದು ಹೇಳುವ ಹಕ್ಕು ಯಾರದು?

ಸೋಂಕಿತ ಗರ್ಭಿಣಿಗೆ ಅವಳ ಒಪ್ಪಿಗೆಯಿಲ್ಲದೆ ಗರ್ಭಪಾತ ಅಥವಾ ಸಂತಾನಹರಣ ಚಿಕಿತ್ಸೆ ಮಾಡಬಾರದು ಎಂದು ಇದೇ ಕಾಯ್ದೆ ಹೇಳುತ್ತದೆ. ಹೀಗೆ ಬರೆದಿಡಬೇಕಾಗಿ ಬಂದಿದ್ದಕ್ಕೆ ಕಾರಣಗಳಿವೆ. ನಮೀಬಿಯಾದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನಹರಣಕ್ಕೆ ಒಳಗಾದ ಮೂವರು ಸೋಂಕಿತ ಮಹಿಳೆಯರ ಪರ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅವರು ಕಾಗದಕ್ಕೆ ಸಹಿ ಹಾಕಿದ್ದರೂ ಅದು ತಿಳಿದು ಕೊಟ್ಟ ಒಪ್ಪಿಗೆಯಲ್ಲ ಎಂಬುದೇ ಅಲ್ಲಿ ನಿರ್ಣಾಯಕವಾಯಿತು. ಔಷಧವನ್ನೇ ಹಕ್ಕೆಂದು ಕೇಳಿ ಗೆದ್ದದ್ದು ದಕ್ಷಿಣ ಆಫ್ರಿಕಾ: ಗರ್ಭಿಣಿಯರಿಗೆ ನೆವಿರಪಿನ್ ತಡೆಹಿಡಿಯಬಾರದೆಂದು 2002ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸರ್ಕಾರಕ್ಕೆ ಹೇಳಿತು.

ಗಂಗಾ-ಜಮುನಾ ಗಲ್ಲಿಯ ಪಾಠ

ನಾಗಪುರದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. 2021ರ ಆಗಸ್ಟ್‌ನಲ್ಲಿ ಪೊಲೀಸರು ಇಲ್ಲಿನ ಗಂಗಾ-ಜಮುನಾ ಎಂಬ ಹಳೆಯ ಕೆಂಪುದೀಪ ಪ್ರದೇಶಕ್ಕೆ ಬ್ಯಾರಿಕೇಡ್ ಹಾಕಿದರು. ಅಲ್ಲಿನ ಮಹಿಳೆಯರು ಬೀದಿಗಿಳಿದು ಪ್ರತಿಭಟಿಸಿದರು. ನೆಲೆ ತಪ್ಪಿ ಚದುರಿಹೋದ ಮಹಿಳೆಯನ್ನು ಆರೋಗ್ಯ ಕಾರ್ಯಕರ್ತೆ ಹುಡುಕುವುದು ಕಷ್ಟ. ಅವಳು ಗರ್ಭಿಣಿಯಾಗಿದ್ದರಂತೂ ಕಳೆದುಹೋಗುವ ಪ್ರತಿ ವಾರವೂ ಮಗುವಿನ ಲೆಕ್ಕಕ್ಕೆ ಬರುತ್ತದೆ. ಮರುವರ್ಷ, 2022ರ ಮೇ 19ರಂದು, ಲೈಂಗಿಕ ಕಾರ್ಯಕರ್ತೆಯರಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಆದೇಶದಲ್ಲಿ ಹೇಳಿತು.

ದೂರು ಎಲ್ಲಿ ಕೊಡಬೇಕು?

20 ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕು. ಹೆರಿಗೆ ಮಾಡಿಸಲು ನಿರಾಕರಿಸಿದರೆ, ಚಿಕಿತ್ಸೆಯಲ್ಲಿ ತಾರತಮ್ಯ ಮಾಡಿದರೆ ರಾಜ್ಯದ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅವರು 30 ದಿನದಲ್ಲಿ, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟೂ 24 ಗಂಟೆಯಲ್ಲಿ ಆದೇಶ ಕೊಡಬೇಕು. ನ್ಯಾಯಾಲಯಕ್ಕೆ ಹೋದರೆ ಹೆಸರು ಹೊರಬರುತ್ತದೆಂಬ ಹೆದರಿಕೆಗೂ ಉತ್ತರವಿದೆ. ನಾಗಪುರದಲ್ಲೂ ಪೀಠ ಹೊಂದಿರುವ ಬಾಂಬೆ ಹೈಕೋರ್ಟ್ 1997ರಲ್ಲೇ, ಸೋಂಕಿನ ಕಾರಣ ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಹೆಸರು ಮರೆಮಾಚಿ ದಾವೆ ಹೂಡಲು ಅವಕಾಶ ಕೊಟ್ಟಿತ್ತು. ಈಗ ಅದು ಕಾಯ್ದೆಯಲ್ಲೇ ಇದೆ.

ಒಂದು ದೊಡ್ಡ ಕೊರತೆ ಹಾಗೇ ಉಳಿದಿದೆ. ಈ ರಕ್ಷಣೆ ಎಚ್‌ಐವಿಗೆ ಮಾತ್ರ. ಹೆಪಟೈಟಿಸ್ ಬಿ ಇದೆಯೆಂದು ಹೆರಿಗೆ ಕೋಣೆಯಿಂದ ವಾಪಸ್ ಕಳಿಸಿದರೆ ಅಂಥ ವಿಶೇಷ ಕಾಯ್ದೆ ಇಲ್ಲ; ಸಂವಿಧಾನದ 21ನೇ ವಿಧಿ, ವೈದ್ಯಕೀಯ ವೃತ್ತಿ ನಿಯಮಗಳ ಮೊರೆಯೇ ಹೋಗಬೇಕು. ಒಂದೇ ದಿನ, ಒಂದೇ ಸಿರಿಂಜಿನಲ್ಲಿ ತೆಗೆದ ರಕ್ತಕ್ಕೆ ಎರಡು ಬಗೆಯ ಹಕ್ಕು.

ಎಚ್‌ಐವಿ ಪರೀಕ್ಷೆ, ಎಆರ್‌ಟಿ ಕೇಂದ್ರಗಳ ಮಾಹಿತಿಗೆ 1097 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.