ಛತ್ರದ ಬಾಗಿಲಲ್ಲಿ ಕೇಳುವ ಪ್ರಶ್ನೆ

ಇಂದಿನ ಬೆಂಗಳೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ “ಇಲ್ಲಿ ಹತ್ತಿರ ಛತ್ರ ಎಲ್ಲಿದೆ?” ಎಂದು ಕೇಳಿ ನೋಡಿ. ಅವರು ಮದುವೆಯ ಮನೆಗೆ ದಾರಿ ತೋರಿಸುತ್ತಾರೆ. ಕೇಳಿದವನಿಗೆ ರಾತ್ರಿ ಮಲಗಲು ಜಾಗ ಬೇಕಾಗಿರಬಹುದೆಂದು ಯಾರಿಗೂ ತೋಚುವುದಿಲ್ಲ. ಮಾತು ಹಾಗೆಯೇ ಉಳಿದು, ಅದರ ಅರ್ಥ ಮಾತ್ರ ಮನೆ ಬದಲಾಯಿಸಿಬಿಟ್ಟಿದೆ. ಊರೊಂದರ ಚರಿತ್ರೆಯನ್ನು ನಾವು ಕೋಟೆ, ಗೋಪುರ, ಅರಮನೆಗಳಲ್ಲಿ ಹುಡುಕುತ್ತೇವೆ. ಪರಸ್ಥಳದಿಂದ ಬಂದವನಿಗೆ ಆ ಊರು ಒಂದು ರಾತ್ರಿಯ ಮಟ್ಟಿಗೆ ಎಲ್ಲಿ ಚಾಪೆ ಹಾಸಿತು, ಹಾಸುವ ಮೊದಲು ಏನೆಂದು ಕೇಳಿತು ಎಂಬುದೂ ಚರಿತ್ರೆಯೇ. ಹಿಂದಿನ ಕೆಲವು ವರ್ಷಗಳಿಂದ ಬಸವನಗುಡಿ, ಚಾಮರಾಜಪೇಟೆಗಳ ಪುಸ್ತಕಭಂಡಾರಗಳಲ್ಲಿ ಕೆಲಸವಿದ್ದಾಗಲೆಲ್ಲ ನಾನು ಆ ಕಡೆಯ ಹಳೆಯ ವಸತಿಗೃಹಗಳಲ್ಲಿ ಇಳಿದುಕೊಳ್ಳುತ್ತಿದ್ದೇನೆ. ಈ ಯೋಚನೆ ಹುಟ್ಟಿದ್ದು ಅಲ್ಲಿ.

‘ಸತ್ರ’ ಎಂದರೆ ಮೊದಲು ಬಹುಕಾಲ ನಡೆಯುವ ಯಾಗ. ಆಮೇಲೆ ಬಂದವರಿಗೆಲ್ಲ ಅನ್ನವಿಕ್ಕುವ ಸ್ಥಳ. ‘ಛತ್ರ’ ಎಂದರೆ ಕೊಡೆ, ನೆರಳು. ಜನರ ಬಾಯಲ್ಲಿ ಎರಡೂ ಬೆರೆತು, ಅನ್ನವೂ ನೆರಳೂ ಒಂದೇ ಸೂರಿನಡಿಗೆ ಬಂದವು. ಇಂಗ್ಲಿಷರ ‘ಚೌಲ್ಟ್ರಿ’ ಕೂಡ ನಮ್ಮ ಕಡೆಯ ‘ಚಾವಡಿ’ಯಿಂದ ಆದದ್ದು. ಕನ್ನಡ ನಾಡಿನಲ್ಲಿ ಈ ಧರ್ಮ ಎಷ್ಟು ಹಳೆಯದೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನ ಸಾಕು. ಅದು ವೇದ, ವ್ಯಾಕರಣಗಳ ಪಾಠ ನಡೆಯುವ ಮಠವನ್ನು ಹೊಗಳುತ್ತದೆ. ಅಷ್ಟಕ್ಕೇ ನಿಲ್ಲದೆ ದೀನರು, ಅನಾಥರು, ಕುಂಟರು, ಕುರುಡರು ಅಲ್ಲಿ ಉಣ್ಣುತ್ತಿದ್ದುದನ್ನೂ, ದಿಕ್ಕಿಲ್ಲದ ರೋಗಿಗಳಿಗೆ ಆರೈಕೆ ದೊರೆಯುತ್ತಿದ್ದುದನ್ನೂ ಎಣಿಸಿ ಹೇಳುತ್ತದೆ. ವಿದ್ಯೆಗೂ ಅನ್ನಕ್ಕೂ ಒಂದೇ ಕಲ್ಲಿನ ಮೇಲೆ ಸ್ಥಳ ಕೊಟ್ಟ ಕಾಲ ಅದು.

ಬೆಂಗಳೂರು ಪೇಟೆಯ ಊರು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂಬ ಹೆಸರುಗಳೇ ಸರಕು ಹೇರಿಕೊಂಡು ಬಂದ ಗಾಡಿಗಳ ಸದ್ದನ್ನು ಕೇಳಿಸುತ್ತವೆ. ಗಾಡಿಯವನು ಗಾಡಿಯ ಕೆಳಗೆ ಮಲಗುತ್ತಿದ್ದ. ವ್ಯಾಪಾರಿ ತನ್ನವರ ಮಂಡಿಯಲ್ಲೋ ಮಠದಲ್ಲೋ ಇಳಿಯುತ್ತಿದ್ದ. ರೈಲು ಬಂದ ಮೇಲೆ ಕಥೆ ಬೇರೆಯಾಯಿತು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ದಂಡಿಗೆ ರೈಲು ಬಂತು. ೧೮೮೦ರ ದಶಕದಲ್ಲಿ ಮೈಸೂರು, ತುಮಕೂರು, ಹರಿಹರಗಳ ಕಡೆಯ ದಾರಿಗಳು ಪೇಟೆಯ ಮಗ್ಗುಲಿನ ನಿಲ್ದಾಣದಲ್ಲಿ ಬಂದು ಕೂಡಿದವು. ಕೋರ್ಟಿಗೆ ಬಂದ ರೈತ, ಪರೀಕ್ಷೆಗೆ ಬಂದ ಹುಡುಗ, ಕಾಶಿಗೆ ಹೊರಟ ಮುದುಕಿ, ಎಲ್ಲರೂ ಒಂದೇ ಗಂಟೆಗೆ ಒಂದೇ ಬಾಗಿಲಿನಿಂದ ಊರೊಳಕ್ಕೆ ಬಿದ್ದರು. ಇವರಿಗೆ ಊರಿನಲ್ಲಿ ಗುರುತಿನವರಿಲ್ಲ. ಇವರು ಎಲ್ಲಿ ಮಲಗಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಗುಬ್ಬಿ ತೋಟದಪ್ಪನವರು. ೧೮೩೮ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದವರು. ಮಕ್ಕಳಿರಲಿಲ್ಲ. ೧೮೯೭ರಲ್ಲಿ ರೈಲು ನಿಲ್ದಾಣದ ಎದುರಿಗೆ ಜಮೀನು ಕೊಂಡು ಛತ್ರ ಕಟ್ಟಿಸಲು ಕೈಹಾಕಿದರು. ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಪ್ರಯಾಣಿಕರಿಗೆ ಬಿಟ್ಟಿ ವಸತಿ. ಜೊತೆಗೆ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ. ಮಹಾರಾಜರು ‘ಧರ್ಮಪ್ರವರ್ತ’ ಎಂಬ ಬಿರುದನ್ನೂ, ಬ್ರಿಟಿಷ್ ಸರ್ಕಾರ ‘ರಾವ್ ಬಹದ್ದೂರ್’ ಪದವಿಯನ್ನೂ ಕೊಟ್ಟವು. ೧೯೧೦ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದು, ಕೆ. ಪಿ. ಪುಟ್ಟಣ್ಣ ಚೆಟ್ಟರಂಥವರ ಕೈಗೆ ಒಪ್ಪಿಸಿ ಹೋದರು.

ಆ ಸ್ಥಳದ ಆಯ್ಕೆಯನ್ನು ಗಮನಿಸಬೇಕು. ಛತ್ರಗಳು ಸಾಮಾನ್ಯವಾಗಿ ದೇವಸ್ಥಾನದ ಬೀದಿಯಲ್ಲೋ ಕೆರೆ ಕಟ್ಟೆಗಳ ಬಳಿಯಲ್ಲೋ ಇರುತ್ತಿದ್ದವು. ತೋಟದಪ್ಪನವರು ಕಟ್ಟಿಸಿದ್ದು ರೈಲ್ವೆ ನಿಲ್ದಾಣದ ಎದುರಿಗೆ. ಪುಣ್ಯದ ದಾರಿ ಯಾವ ಕಡೆಗೆ ತಿರುಗಿದೆ ಎಂಬುದನ್ನು ವ್ಯಾಪಾರಿಯ ಕಣ್ಣು ಗುರುತಿಸಿತು. ಪಕ್ಕದಲ್ಲಿದ್ದುದು ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆ; ಈಗ ಆ ಕೆರೆಯ ಅಂಗಳದಲ್ಲೇ ಕೆಂಪೇಗೌಡ ಬಸ್ ನಿಲ್ದಾಣವಿದೆ. ನಮ್ಮ ಕಡೆಯ ಹಿರಿಯರು ಬೆಂಗಳೂರಿನ ಮಾತೆತ್ತಿದರೆ “ತೋಟದಪ್ಪನ ಛತ್ರದಲ್ಲಿ ಇಳಿದಿದ್ದೆವು” ಎಂದೇ ಆರಂಭಿಸುತ್ತಿದ್ದರು. ರೈಲಿನಿಂದ ಇಳಿಯುವುದೂ ಛತ್ರದಲ್ಲಿ ಇಳಿಯುವುದೂ ಅವರಿಗೆ ಒಂದೇ ಕ್ರಿಯಾಪದ.

ಇಂಥ ಛತ್ರಗಳ ಕ್ರಮ ಸರಳವಾದದ್ದು. ಸಾಮಾನ್ಯವಾಗಿ ಮೂರು ದಿನ ಇರಬಹುದು. ಕೆಲವು ಕಡೆ ಸದಾವರ್ತಿ, ಅಂದರೆ ಬಿಡದೆ ನಡೆಯುವ ಅನ್ನದಾನ. ಕೆಲವು ಕಡೆ ಅಕ್ಕಿ ಬೇಳೆಯ ಪಡಿ ಕೊಟ್ಟು, ಅಡಿಗೆಗೆ ಒಲೆ ತೋರಿಸುತ್ತಿದ್ದರು. ಪಡಿಯೂ ಇಲ್ಲದ ಕಡೆ ಬುತ್ತಿಯೇ ಗತಿ. ಕೊಠಡಿಗಿಂತ ಪಡಸಾಲೆ ದೊಡ್ಡದು. ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದರೆ ಹಾಸಿಗೆಯೂ ಆಯಿತು, ಗಂಟಿನ ಕಾವಲೂ ಆಯಿತು.

೧೮೯೮ರ ಪ್ಲೇಗು ಊರಿನ ರೂಪವನ್ನೇ ಬದಲಾಯಿಸಿತು. ಚಾಮರಾಜಪೇಟೆ ಆಗಲೇ ತಲೆಯೆತ್ತಿತ್ತು. ಪೇಟೆಯ ಇಕ್ಕಟ್ಟನ್ನು ಬಿಟ್ಟು ಓಡಿದವರಿಂದ ಬಸವನಗುಡಿ, ಮಲ್ಲೇಶ್ವರಗಳು ಬೇಗಬೇಗ ತುಂಬಿದವು. ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆ, ಮನೆಯ ಮುಂದೆ ಜಗಲಿ, ಹಿಂದೆ ತೆಂಗಿನ ಮರ. ಈ ಮನೆಗಳೇ ಅರೆಪಾಲು ಛತ್ರಗಳಾಗಿದ್ದವು. ಹಳ್ಳಿಯಿಂದ ಬಂದ ಸೋದರಳಿಯ ಪರೀಕ್ಷೆ ಮುಗಿಯುವ ತನಕ ಇರುತ್ತಿದ್ದ; ಕೆಲವು ಸೋದರಳಿಯಂದಿರು ಕೆಲಸ ಸಿಕ್ಕಿ ಮದುವೆಯಾಗುವ ತನಕವೂ ಇರುತ್ತಿದ್ದರು. ನೆಂಟಸ್ತನವಿಲ್ಲದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯಲ್ಲಿ ಸೂತಕವಾದರೆ ಆ ವಾರದ ಆ ದಿನ ಹುಡುಗನ ಹೊಟ್ಟೆಗೂ ಸೂತಕ. ಹೀಗೆ ಉಂಡು ಓದಿದವರು ಎಷ್ಟೋ ಮಂದಿ ಮುಂದೆ ದೊಡ್ಡವರಾದರು. ಅವರ ನೆನಪುಗಳಲ್ಲಿ ಅನ್ನದ ಋಣವೂ ಇದೆ, ಕಾಯುತ್ತಾ ಹಜಾರದಲ್ಲಿ ಕುಳಿತ ಸಂಕೋಚವೂ ಇದೆ.

ಅದೇ ಕಾಲದಲ್ಲಿ ಊರಿನ ಇನ್ನೊಂದು ಕಡೆ ಬೇರೆಯ ಏರ್ಪಾಡು ನಡೆದಿತ್ತು. ೧೮೮೭ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ಹೈಗ್ರೌಂಡ್ಸ್ ಕಡೆ ೧೦ ಕೊಠಡಿಗಳ ಬೋರ್ಡಿಂಗ್ ಮನೆಯೊಂದನ್ನು ತೆರೆದಳು. ಮಂಚ, ಬೆಳಗಿನ ತಿಂಡಿ, ಬಿಸಿನೀರು, ತಿಂಗಳ ಕೊನೆಗೆ ಬಿಲ್ಲು. ಅದೇ ಬೆಳೆದು ವೆಸ್ಟ್ ಎಂಡ್ ಹೋಟೆಲಾಯಿತು. ಆತಿಥ್ಯಕ್ಕೆ ಬೆಲೆ ಕಟ್ಟಬಹುದು, ಕಟ್ಟಿದರೆ ಇಬ್ಬರಿಗೂ ಮರ್ಯಾದೆ ಎಂಬ ಭಾವನೆ ದಂಡಿನವರಿಗೆ ಸಹಜ. ಪೇಟೆಯವರಿಗೆ ಅನ್ನ ಮಾರುವುದೆಂದರೆ ಪಾಪ. ಒಂದೇ ಊರಿನಲ್ಲಿ ಎರಡು ಧರ್ಮಶಾಸ್ತ್ರಗಳಿದ್ದವು.

ಈ ತನಕ ಹೇಳಿದ್ದು ಛತ್ರದ ಹೊಗಳಿಕೆ. ಹೊಗಳುವಷ್ಟು ಇದೆ, ಹೊಗಳಲೇಬೇಕು. ಆದರೆ ಛತ್ರದ ಬಾಗಿಲಲ್ಲಿ ಪಾರುಪತ್ತೇಗಾರ ಹಣ ಕೇಳದಿದ್ದರೂ ಇನ್ನೊಂದನ್ನು ಕೇಳುತ್ತಿದ್ದ: “ತಾವು ಯಾವ ಜನ?” ಎಷ್ಟೋ ಛತ್ರಗಳು ಒಂದೊಂದು ಜಾತಿಗೆ, ಒಂದೊಂದು ಪಂಗಡಕ್ಕೆ ಮೀಸಲು. ಎಲ್ಲರಿಗೂ ತೆರೆದಿದ್ದ ಛತ್ರಗಳಲ್ಲೂ ಒಲೆ ಬೇರೆ, ಪಂಕ್ತಿ ಬೇರೆ, ಬಾವಿಯ ಹಗ್ಗ ಬೇರೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರಶ್ನೆ ಕೇಳುವ ತನಕವೂ ಹೋಗುವ ಹಾಗಿರಲಿಲ್ಲ. ಧರ್ಮದ ಹೆಸರಿನಲ್ಲಿ ಕಟ್ಟಿದ ಬಾಗಿಲು, ಯಾರಿಗೆ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತೋ ಅವರಿಗೇ ಮುಚ್ಚಿತ್ತು. ಬಿಟ್ಟಿ ಎಂಬ ಮಾತಿನಲ್ಲಿ ಈ ಬೆಲೆ ಅಡಗಿತ್ತು.

ಬಾಗಿಲಿನ ಪ್ರಶ್ನೆ ಬದಲಾಗಲು ತೊಡಗಿದ್ದು ಕರಾವಳಿಯವರು ಘಟ್ಟ ಹತ್ತಿದ ಮೇಲೆ. ಅಂದಿನ ದಕ್ಷಿಣ ಕನ್ನಡ ಮದರಾಸು ಸರ್ಕಾರದ ಜಿಲ್ಲೆ. ಮಂಗಳೂರಿಗೆ ೧೯೦೭ರಲ್ಲಿ ರೈಲು ಬಂದರೂ ಅದು ಮಲೆಯಾಳದ ಕಡೆ ಸುತ್ತಿಕೊಂಡು ಹೋಗುತ್ತಿತ್ತು. ಹಾಸನ–ಮಂಗಳೂರು ಹಾದಿ ತೆರೆದದ್ದು ೧೯೭೯ರಲ್ಲಿ. ಕೋಟ, ಕುಂದಾಪುರ, ಉಡುಪಿಗಳ ಹುಡುಗರು ಘಟ್ಟದ ದಾರಿ ಹಿಡಿದು, ಶಿವಮೊಗ್ಗದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರು. ಸಣ್ಣ ಹಿಡುವಳಿ, ಗೇಣಿಯ ಕಷ್ಟ, ೧೯೨೩ರ ಭಾರಿ ನೆರೆ ಅವರನ್ನು ಹಿಂದಿನಿಂದ ನೂಕಿದವು. ಮಠದ, ದೇವಸ್ಥಾನದ ಪಾಕಶಾಲೆಗಳಲ್ಲಿ ನೂರಾರು ಜನಕ್ಕೆ ಬೇಯಿಸಿ ಬಡಿಸುವ ವಿದ್ಯೆ ಅವರ ಕೈಯಲ್ಲಿತ್ತು. ೧೯೨೪ರಲ್ಲಿ ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸೋದರರು ಆರಂಭಿಸಿದ ಅಂಗಡಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ೧೯೨೬ರಲ್ಲಿ ಬಳೇಪೇಟೆಯಲ್ಲಿ ಉಡುಪಿ ಶ್ರೀಕೃಷ್ಣ ಭವನ. ೧೯೪೩ರಲ್ಲಿ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿಗಳ ಹೆಸರಿನಲ್ಲೇ ವಿದ್ಯಾರ್ಥಿಭವನ. ಕೆಳಗೆ ತಿಂಡಿ, ಮೇಲೆ ನಾಲ್ಕಾರು ಕೊಠಡಿ ಎಂಬ ಏರ್ಪಾಡು ಊರೂರಿನಲ್ಲಿ ಹರಡಿ, ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು ನಮ್ಮ ಬೀದಿಗಳ ಸಾಮಾನ್ಯ ನೋಟವಾಯಿತು. ಪೇಟೆಯವರು ಪಾಪವೆಂದಿದ್ದ ಅನ್ನವಿಕ್ರಯವನ್ನು ಕೃಷ್ಣನ ಊರಿನವರೇ ಕೃಷ್ಣನ ಹೆಸರಿಟ್ಟು ಮಾಡಿದರು.

ಹಣ ಕೊಟ್ಟವನನ್ನು ಜಾತಿ ಕೇಳುವುದು ಕಷ್ಟ. ಆದರೂ ಕೇಳುತ್ತಿದ್ದರು. ಮಾವಳ್ಳಿಯ ಆ ಅಂಗಡಿಯ ಮೊದಲ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಅಂಥ ಹೆಸರುಗಳು ಆಗ ಎಲ್ಲೆಲ್ಲೂ ಇದ್ದವು. ಹಣವೊಂದೇ ಬಾಗಿಲು ತೆರೆಸಲಾರದೆಂಬುದಕ್ಕೆ ಅಂಬೇಡ್ಕರ್ ಅವರೇ ಬರೆದಿಟ್ಟ ನೆನಪಿಗಿಂತ ಬೇರೆ ಸಾಕ್ಷಿ ಬೇಡ. ೧೯೧೭ರಲ್ಲಿ, ವಿದೇಶದಲ್ಲಿ ಓದಿ ಬಂದು ಬರೋಡೆಯಲ್ಲಿ ಅಧಿಕಾರಿಯಾಗಿದ್ದವರಿಗೆ ಊರಿನಲ್ಲಿ ವಸತಿಯಿಲ್ಲ. ಬಾಡಿಗೆ ಕೊಡಲು ಸಿದ್ಧರಿದ್ದರೂ ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇರಬೇಕಾಯಿತು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದವರು ಬಂದು ಅಲ್ಲಿಂದಲೂ ಹೊರಡಿಸಿದರು. ಆ ರಾತ್ರಿಗಳನ್ನು ಕಂಡವರು ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಅದರ ೧೫ನೆಯ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಜಾತಿ, ಮತ, ಲಿಂಗಗಳ ಕಾರಣದಿಂದ ಯಾರನ್ನೂ ತಡೆಯಕೂಡದು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಧರ್ಮಶಾಲೆ, ಮುಸಾಫಿರಖಾನೆಗಳನ್ನೂ ಪಟ್ಟಿಗೆ ಸೇರಿಸಿತು. ಸಂವಿಧಾನದಂಥ ದೊಡ್ಡ ಗ್ರಂಥದಲ್ಲಿ ಹೋಟೆಲಿನ ಮಾತೇಕೆ ಎಂದು ಕೇಳುವವರು ಇದ್ದಾರೆ. ಬಾಗಿಲಲ್ಲಿ ನಿಂತು ಹಿಂದಿರುಗಿದವರಿಗೆ ಅದು ಸಣ್ಣ ಮಾತಲ್ಲ.

ಈಚೆಗೆ ನಾನು ಗಾಂಧಿಬಜಾರಿನ ಆಸುಪಾಸಿನ ಹಳೆಯ ವಸತಿಗೃಹದಲ್ಲಿ ಮೂರು ರಾತ್ರಿ ಇದ್ದೆ. ಕೆಂಪು ಗಾರೆಯ ನೆಲ, ಕಬ್ಬಿಣದ ಮಂಚ, ಕಿಟಕಿಗೆ ಅರ್ಧ ಎತ್ತರದ ಪರದೆ. ಬೆಳಗ್ಗೆ ಐದಕ್ಕೆ ಹೂವಿನ ಬುಟ್ಟಿಗಳು ಇಳಿಯುವ ಸದ್ದು. ಆರೂವರೆಗೆ ಬೀದಿಯಲ್ಲಿ ದೋಸೆಯ ಪರಿಮಳ. ಕೆಳಗಿನ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು: ಹೆಸರು, ಊರು, ಬಂದ ಕೆಲಸ, ಎಷ್ಟು ಜನ, ಗುರುತಿನ ಚೀಟಿಯ ಸಂಖ್ಯೆ. ಆ ಪುಟದಲ್ಲಿ ‘ಯಾವ ಜನ’ ಎಂಬ ಕಲಮು ಇಲ್ಲ. ಮೇಲಿನ ಸಾಲಿನಲ್ಲಿ ಒಬ್ಬ ಪುರೋಹಿತರು, ಕೆಳಗೆ ರಾಯಚೂರಿನ ಬೀಜದ ವ್ಯಾಪಾರಿ, ಅದರ ಕೆಳಗೆ ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ಸಾಬರು, ಆಮೇಲೆ ನಾನು. ನಾಲ್ವರ ಹೆಸರೂ ಒಂದೇ ಶಾಯಿಯಲ್ಲಿ, ಒಂದೇ ಅಳತೆಯ ಗೀಟಿನ ಮೇಲೆ ಕುಳಿತಿದ್ದವು. ನೂರು ವರ್ಷದ ಹಿಂದೆ ಈ ನಾಲ್ವರು ನಾಲ್ಕು ಸೂರು ಹುಡುಕಬೇಕಾಗಿತ್ತು.

ಹಾಗೆಂದು ಪ್ರಶ್ನೆಗಳು ಮುಗಿದಿಲ್ಲ. ನಮ್ಮ ಸೋದರತ್ತೆ ಉಪಾಧ್ಯಾಯಿನಿಯಾಗಿದ್ದವರು; ಒಮ್ಮೆ ಇಲಾಖೆಯ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಒಂದು ಲಾಡ್ಜಿನವರು “ಜೊತೆಗೆ ಗಂಡಸರು ಯಾರಮ್ಮ?” ಎಂದು ಕೇಳಿ ಕೊಠಡಿ ಇಲ್ಲವೆಂದರಂತೆ. ಕೈಯಲ್ಲಿ ಹಣವಿತ್ತು, ಸರ್ಕಾರದ ಕಾಗದವಿತ್ತು. ರಾತ್ರಿಯೆಲ್ಲ ರೈಲು ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಕುಳಿತು ಬೆಳಗು ಮಾಡಿದರು. “ತೋಟದಪ್ಪನವರ ಹಾಗೆ ಹೆಂಗಸರಿಗೂ ಒಬ್ಬರು ಯಾರಾದರೂ ಹುಟ್ಟಬೇಕಿತ್ತು ಕಣೋ” ಎಂದು ನಗುತ್ತಾ ಹೇಳುತ್ತಿದ್ದರು. ನಗು ಮಾತ್ರ ಕಣ್ಣಿಗೆ ಏರುತ್ತಿರಲಿಲ್ಲ. ಒಂಟಿ ಹೆಂಗಸಿಗೆ, ಕೆಲವು ಹೆಸರುಗಳಿಗೆ, ಇಂದಿಗೂ “ಕೊಠಡಿ ಖಾಲಿ ಇಲ್ಲ” ಎಂಬ ಉತ್ತರ ಬೇಗ ಸಿಗುತ್ತದೆ.

ಹಣವಿಲ್ಲದವನ ಗತಿ ಮತ್ತೂ ಬೇರೆ. ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಕಡೆ ಸಂಜೆಯ ಮೇಲೆ ಹೋದವರು ನೋಡಿರುತ್ತಾರೆ: ಒಳಗೆ ಮಲಗಿರುವ ರೋಗಿಯ ಜೊತೆಯವರು ಹೊರಗೆ ಗೋಡೆಯ ಪಕ್ಕದಲ್ಲಿ ಚೀಲ ತಲೆಗಿಟ್ಟು ಮಲಗಿರುತ್ತಾರೆ. ಇವರಿಗೆ ಲಾಡ್ಜಿನ ಬಾಡಿಗೆ ಎಟುಕದು. ಇವರಿಗಾಗಿಯೇ ಹುಟ್ಟಿದ ಛತ್ರದ ಹೆಸರು ಈಗ ಹೆಚ್ಚಾಗಿ ಮದುವೆಯ ಮಂಟಪಗಳ ಮೇಲಿದೆ. ಬಾಡಿಗೆ ದಿನಕ್ಕಿಷ್ಟು ಲಕ್ಷ ಎಂದು ಚೌಕಾಸಿ ನಡೆಯುತ್ತದೆ. ತೋಟದಪ್ಪನವರ ಸಂಸ್ಥೆ ಮತ್ತು ಅಂಥ ಕೆಲವು ಧರ್ಮಸಂಸ್ಥೆಗಳ ವಿದ್ಯಾರ್ಥಿನಿಲಯಗಳು ಓದುವ ಮಕ್ಕಳಿಗೆ ಸೂರು ಕೊಡುತ್ತ ಬಂದಿರುವುದು ಸಮಾಧಾನ. ಊರು ಬೆಳೆದ ಅಳತೆಗೆ ಅದು ಸಾಲದು.

ಛತ್ರದವನು ಹಣ ಕೇಳಲಿಲ್ಲ, ಜಾತಿ ಕೇಳಿದ. ಲಾಡ್ಜಿನವನು ಜಾತಿ ಕೇಳುವುದನ್ನು ಬಿಟ್ಟ, ಹಣ ಕೇಳಿದ. ಎರಡನ್ನೂ ಕೇಳದ ಬಾಗಿಲನ್ನು ನಮ್ಮ ಊರು ಇನ್ನೂ ಸಾಕಷ್ಟು ಕಟ್ಟಿಲ್ಲ. ಮಗಳ ಮದುವೆಗೆಂದು ಛತ್ರ ಹುಡುಕಿ ಹೊರಡುವ ಗೃಹಸ್ಥರು ಆ ಮಾತಿನ ಹಳೆಯ ಅರ್ಥವನ್ನು ಒಮ್ಮೆ ನೆನೆದುಕೊಂಡರೂ ಒಳ್ಳೆಯದೇ. ಆದರೆ ಆಸ್ಪತ್ರೆಯ ಗೋಡೆಯ ಬಳಿ ಮಲಗಿದವನಿಗೆ ನೆನಪು ಹೊದಿಕೆಯಾಗದು. ರೈಲು ಬಂದಾಗ ಅದರ ಎದುರಿಗೇ ಜಾಗ ಕೊಂಡ ಗುಬ್ಬಿಯ ವ್ಯಾಪಾರಿಯ ಹಾಗೆ, ಇಂದು ದಣಿದವರು ಎಲ್ಲಿ ಬಂದಿಳಿಯುತ್ತಾರೆ ಎಂದು ನೋಡಿ, ಅಲ್ಲಿ ಒಂದು ಪಡಸಾಲೆ ಕಟ್ಟಿಸಬೇಕು. ಅದರ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಊಟವಾಯಿತೆ?”