ಆಸನಕ್ಕೆ ಸವಾಲು

ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ಹೋದವರಿಗೆ ತಲಘಟ್ಟಪುರ ಗೊತ್ತಿರುವ ಊರು. 2021ರ ಜನವರಿಯಲ್ಲಿ ಮೆಟ್ರೋ ರೈಲಿನ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಮುಂದುವರಿದು ಇಲ್ಲಿಗೂ ಬಂದಿತು. ತಲಘಟ್ಟಪುರದ ನಿಲ್ದಾಣ ಕಳೆದರೆ ಮುಂದಿನದು ರೇಷ್ಮೆ ಸಂಸ್ಥೆಯ ನಿಲ್ದಾಣ. ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಈ ಊರಿನಲ್ಲಿರುವುದರಿಂದ ಬಂದ ಹೆಸರು ಅದು. ರಸ್ತೆಯ ಇಕ್ಕೆಲದಲ್ಲೂ ಈಗ ಬಹುಮಹಡಿಯ ಮನೆಗಳು ಎದ್ದಿವೆ. ಅವುಗಳಲ್ಲಿ ವಾಸಿಸುವ ಹಿರಿಯರನ್ನು ಮಾತನಾಡಿಸಿದರೆ ಮಕ್ಕಳು ಎಲ್ಲಿದ್ದಾರೆಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಒಂದು ಸಮುದ್ರವಾದರೂ ಅಡ್ಡ ಬರುತ್ತದೆ.

ಅಂಥವರೊಬ್ಬರು ನನಗೆ ಪರಿಚಯದವರು. ಹೈಸ್ಕೂಲು ಓದುವ ಕಾಲದಲ್ಲಿ ತಂದೆಯೊಡನೆ ರೇಷ್ಮೆಗೂಡಿನ ಮಂಕರಿ ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದವರು. ಮುಂದೆ ಸರ್ಕಾರಿ ಕೆಲಸ ಹಿಡಿದು ನಿವೃತ್ತರಾದವರು. ಮಗಳ ಬಾಣಂತನಕ್ಕೆಂದು ಗಂಡಹೆಂಡಿರಿಬ್ಬರೂ ವಿದೇಶಕ್ಕೆ ಹೊರಟಿದ್ದರು. ಆಕೆಗೆ ಮಂಡಿನೋವು. ಹದಿನಾರು ಹದಿನೇಳು ಗಂಟೆ ಕಾಲು ಮಡಚಿ ಕುಳಿತಿರುವುದು ಹೇಗೆಂಬುದೇ ಮನೆಯಲ್ಲಿ ದಿನದ ಮಾತಾಗಿತ್ತು. ಹೊರಡಲು ವಾರವಿದೆಯೆನ್ನುವಾಗ ವಿಮಾನ ಕಂಪೆನಿಯಿಂದ ಒಂದು ಓಲೆ ಬಂದಿತು. ಬಿಸಿನೆಸ್ ಕ್ಲಾಸಿನಲ್ಲಿ ಕೆಲವು ಆಸನಗಳು ಖಾಲಿ ಉಳಿಯಬಹುದು, ಅವಕ್ಕೆ ನೀವೆಷ್ಟು ಕೊಡಬಲ್ಲಿರಿ? ಹಣವನ್ನು ಕೊಡಬಹುದು, ಹಿಂದಿನ ಪ್ರಯಾಣಗಳಿಂದ ಕೂಡಿಬಂದ ಪಾಯಿಂಟುಗಳನ್ನು ಕೊಡಬಹುದು, ಎರಡನ್ನೂ ಬೆರೆಸಿಯೂ ಕೊಡಬಹುದು. ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿ, “ಇದೇನು ಸ್ವಾಮಿ, ಗೂಡಿನ ಹರಾಜಿನ ಹಾಗಿದೆಯಲ್ಲ!” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮನುಷ್ಯ ಕುಳಿತುಕೊಳ್ಳುವ ಕುರ್ಚಿಯೊಂದು ಹರಾಜಿನ ಸರಕಾದದ್ದು ಹೇಗೆ? ಇಂದು ನಾನು ನಿಮ್ಮೆದುರು ಹೇಳಬೇಕೆಂದಿರುವುದು ಆ ಕಥೆಯನ್ನೇ.

ಹರಾಜು ನಮಗೆ ಹೊಸದೇನಲ್ಲ, ಆದರೆ ಅದರ ಹೆಸರುಗಳೆಲ್ಲ ಹೊರಗಿನವು. ಹರಾಜು, ಸವಾಲು ಎಂಬುವು ಅರಬ್ಬಿಯಿಂದ ಬಂದವು. ಲಿಲಾವು, ಕರಾವಳಿಯ ಏಲಂ ಎಂಬುವು ಪೋರ್ಚುಗೀಸರ ಕಡೆಯಿಂದ. ಮಾತು ಎಲ್ಲಿಂದ ಬಂದರೇನು, ಪದ್ಧತಿಯನ್ನು ನಮ್ಮ ಜನ ದೇವರ ಸನ್ನಿಧಿಗೂ ಒಯ್ದರು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟವನ್ನು ಹರಾಜಿಗಿಡುತ್ತಾರೆ. ಲಕ್ಷಗಟ್ಟಲೆ ಹಣಕ್ಕೆ ಅದನ್ನು ಕೂಗಿ ಪಡೆಯುವವರುಂಟು. ಅಲ್ಲಿ ಮಾರಾಟವಾಗುವುದು ಬಟ್ಟೆಯಲ್ಲ, ಮರ್ಯಾದೆ. ಆದರೆ ಯಾರು ಕೂಗಿದರು, ಎಷ್ಟಕ್ಕೆ ನಿಂತಿತು ಎಂಬುದು ನೆರೆದ ಸಾವಿರಾರು ಜನರಿಗೆ ತಿಳಿಯುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಪ್ರಯಾಣದಲ್ಲಿ ಮರ್ಯಾದೆಯನ್ನು ದರ್ಜೆಗಳಾಗಿ ಕತ್ತರಿಸಿ ಮಾರಿದ್ದು ರೈಲು. ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ 1864ರಲ್ಲಿ ಹಳಿ ಬಂದಿತು. ಹಳಿಯೊಡನೆ ದರ್ಜೆಯೂ ಬಂದಿತು. ಮೂರನೆಯ ದರ್ಜೆಯ ಪಾಡನ್ನು ಗಾಂಧೀಜಿ 1917ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಬರೆದರು. ಆ ದರ್ಜೆಯ ಹೆಸರು ಅಳಿಯಲು 1974ರವರೆಗೆ ಕಾಯಬೇಕಾಯಿತು. ಹೆಸರು ಹೋಗಿ ಎರಡನೆಯ ದರ್ಜೆಯೆಂದಾಯಿತು, ನೂಕುನುಗ್ಗಲು ಹಾಗೆಯೇ ಉಳಿಯಿತೆನ್ನಿ.

ವಿಮಾನದ ಆರಂಭವಾದರೋ ಬೇರೆ ಬಗೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ, ಹೀಗೆ, ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲೇ ಇದೆ. ಆ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ದರ್ಜೆಯೆಲ್ಲಿಂದ ಬರಬೇಕು! ಆ ಕಾಲದಲ್ಲಿ ಅಪರೂಪಕ್ಕೆ ಪ್ರಯಾಣಿಕನೊಬ್ಬ ಹತ್ತಿದರೆ ಅಂಚೆಚೀಲಗಳ ಮೇಲೆ ಕೂಡಬೇಕಾಗಿತ್ತು.

ದರ್ಜೆ ಆಕಾಶಕ್ಕೇರಿದ್ದು ಅಟ್ಲಾಂಟಿಕ್ ಸಾಗರದ ಮೇಲೆ. 1952ರಲ್ಲಿ ಅಗ್ಗದ ‘ಟೂರಿಸ್ಟ್’ ದರ್ಜೆ, 1958ರಲ್ಲಿ ಇನ್ನೂ ಅಗ್ಗದ ‘ಇಕಾನಮಿ’ ಬಂದವು. ಬಿಸಿನೆಸ್ ಕ್ಲಾಸಿನ ಹುಟ್ಟು ಸ್ವಾರಸ್ಯವಾದುದು. 1970ರ ದಶಕದಲ್ಲಿ ರಿಯಾಯಿತಿಯ ಟಿಕೆಟ್ಟುಗಳು ಹೆಚ್ಚಿದಾಗ, ಕಚೇರಿಯ ಖರ್ಚಿನಲ್ಲಿ ಪೂರ್ಣ ದರ ತೆತ್ತು ಓಡಾಡುವ ವ್ಯಾಪಾರಸ್ಥರಿಗೆ ಪಕ್ಕದಲ್ಲಿದ್ದವನು ಅರ್ಧ ಬೆಲೆಗೆ ಅದೇ ಸುಖ ಪಡೆಯುತ್ತಿದ್ದಾನೆಂಬ ಅಸಮಾಧಾನ ಹುಟ್ಟಿತು. ಅವರನ್ನು ಸಮಾಧಾನಪಡಿಸಲು ಮುಂಭಾಗದಲ್ಲಿ ಒಂದು ಪರದೆ ಕಟ್ಟಿದರು. 1978-79ರ ವೇಳೆಗೆ ಆ ಪರದೆಯ ಮುಂದಣ ಜಾಗಕ್ಕೆ ಪ್ರತ್ಯೇಕ ಹೆಸರಾಯಿತು, ಪ್ರತ್ಯೇಕ ದರವಾಯಿತು.

ಪರದೆಯಿದ್ದ ಮೇಲೆ ಅದನ್ನು ದಾಟುವ ಆಸೆಯೂ ಇರಬೇಕಷ್ಟೆ. ಬಹುಕಾಲ ಅದನ್ನು ದಾಟಿಸುತ್ತಿದ್ದುದು ದಾಕ್ಷಿಣ್ಯ. ಹಿಂದಿನ ಆಸನಗಳು ತುಂಬಿ ಮುಂದೆ ಖಾಲಿಯಿದ್ದಾಗ, ಕಟ್ಟೆಯ ಆಚೆ ನಿಂತ ಗುಮಾಸ್ತ ಯಾರನ್ನು ಕರೆಯುತ್ತಾನೋ ಅವನದೇ ಅದೃಷ್ಟ. ಕೋಟು ತೊಟ್ಟವನು, ದೊಡ್ಡವರ ಪರಿಚಯವಿದ್ದವನು, ಇಂಗ್ಲಿಷ್ ಚೆನ್ನಾಗಿ ಆಡಬಲ್ಲವನು ಮುಂದೆ ಹೋಗುತ್ತಿದ್ದ. ಕೈಚೀಲದಲ್ಲಿ ಚಟ್ನಿಪುಡಿ ಕಟ್ಟಿಕೊಂಡು ಬಂದ ತಾಯಿ ಹಿಂದೆಯೇ ಇರುತ್ತಿದ್ದಳು. ಹರಾಜನ್ನು ಹಳಿಯುವವರು ದಾಕ್ಷಿಣ್ಯದ ಈ ಮುಖವನ್ನೂ ಒಮ್ಮೆ ನೋಡಬೇಕು.

ದಾಕ್ಷಿಣ್ಯದ ಜಾಗದಲ್ಲಿ ಸವಾಲನ್ನು ತರಬೇಕೆಂದು ಮೊದಲು ವಾದಿಸಿದವರಲ್ಲಿ ಜೂಲಿಯನ್ ಸೈಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಮುಖ್ಯನು. ಅವನಿಗೆ ಬೇಕಾಗಿದ್ದುದು ಮೇಲಿನ ಆಸನವಲ್ಲ. ಇರುವ ಆಸನವನ್ನು ಕಳೆದುಕೊಳ್ಳುವವರ ಚಿಂತೆ ಅವನದು. ಕಂಪೆನಿಗಳು ಆಸನಗಳಿಗಿಂತ ಹೆಚ್ಚು ಟಿಕೆಟ್ಟು ಮಾರಿ, ಎಲ್ಲರೂ ಬಂದುಬಿಟ್ಟಾಗ ಕೆಲವರನ್ನು ಇಳಿಸುತ್ತಿದ್ದವು. ಪ್ರತಿಯೊಬ್ಬನಿಗೂ ಒಂದು ಲಕೋಟೆ ಕೊಡಿ, ಮುಂದಿನ ವಿಮಾನಕ್ಕೆ ಕಾಯಲು ಎಷ್ಟು ಕೊಟ್ಟರೆ ಸಾಕೆಂದು ಅವನೇ ಬರೆಯಲಿ, ಕಡಮೆ ಕೇಳಿದವನಿಗೆ ಹಣ ಕೊಟ್ಟು ಉಳಿಸಿಕೊಳ್ಳಿ ಎಂದು ಅವನು 1968ರಲ್ಲಿ ಬರೆದ. ಕಂಪೆನಿಗಳು ಅದನ್ನು ಒಪ್ಪಲಿಲ್ಲ. 1972ರಲ್ಲಿ ಗ್ರಾಹಕರ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರರನ್ನೇ ಒಂದು ವಿಮಾನದಿಂದ ಹೊರಗುಳಿಸಿದರು; ಅವರು ಹೂಡಿದ ದಾವೆ 1976ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1978ರ ಸುಮಾರಿಗೆ, ಆಲ್ಫ್ರೆಡ್ ಕಾನ್ ಅಲ್ಲಿನ ವಿಮಾನ ಮಂಡಲಿಯ ಮುಖ್ಯಸ್ಥರಾಗಿದ್ದಾಗ, ಮೊದಲು ಇಷ್ಟಪಟ್ಟು ಉಳಿಯುವವರನ್ನು ಕೇಳಬೇಕೆಂಬ ನಿಯಮ ಬಂದಿತು. ವಿಮಾನದ ಬಾಗಿಲಲ್ಲಿ ಹರಾಜು ಪ್ರವೇಶಿಸಿದ್ದು ಹೀಗೆ, ಪ್ರಯಾಣಿಕನ ಪಕ್ಷ ವಹಿಸಿ. ಕಂಪೆನಿ ಅವನಿಗೆ ತೆರಬೇಕಾದ ಹರಾಜು ಅದು. ಮುಂದೆ ದಿಕ್ಕು ತಿರುಗಿತು.

ಪಾಯಿಂಟುಗಳ ಕಥೆಯೂ ಇದೇ ಕಾಲದ್ದು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್, ತನ್ನಲ್ಲಿ ಪದೇ ಪದೇ ಹಾರುವವರ ಮೈಲಿಗಳನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆ ತಂದಿತು. ಕೆಲವೇ ದಿನಗಳಲ್ಲಿ ಉಳಿದವರೂ ಹಿಂಬಾಲಿಸಿದರು. ಕಂಪೆನಿಗಳು ತಮಗರಿವಿಲ್ಲದೆಯೇ ಒಂದೊಂದು ಟಂಕಸಾಲೆ ತೆರೆದಿದ್ದವೆನ್ನಬೇಕು. ನಾಣ್ಯ ಅಚ್ಚು ಹಾಕುವವನೂ ಅವನೇ, ಅದರ ಬೆಲೆ ಕಟ್ಟುವವನೂ ಅವನೇ, ಬೇಕೆಂದಾಗ ಇಳಿಸುವವನೂ ಅವನೇ. ಬೆಂಗಳೂರಿನವರಿಗೆ ಇದರ ಪಾಠ ಹತ್ತಿರದಲ್ಲೇ ಆಯಿತು. 2005ರಲ್ಲಿ ಹಾರಾಟ ತೊಡಗಿದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದು ಮತ್ತೆ ಏಳಲಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಮೈಲಿಗಳು ಅವುಗಳೊಡನೆಯೇ ಇಳಿದವು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದರ್ಜೆಯೇ ಬೇಡವೆಂದ ಒಂದು ಪ್ರಯೋಗವೂ ಇದೇ ಬೆಂಗಳೂರಿನಿಂದ ಹೊರಟಿತು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದವರು. ಸೈನ್ಯ ಬಿಟ್ಟು ಬಂದು ರೇಷ್ಮೆ ಬೇಸಾಯ ಮಾಡಿದವರು, ಆ ಕೃಷಿಯ ಹೊಸ ವಿಧಾನಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದವರು. ಅವರ ವಿಮಾನಗಳಲ್ಲಿ ಪರದೆಯಿರಲಿಲ್ಲ, ಬಿಟ್ಟಿ ಊಟವಿರಲಿಲ್ಲ, ಒಂದು ರೂಪಾಯಿಯ ಟಿಕೆಟ್ಟೂ ಒಮ್ಮೊಮ್ಮೆ ಇರುತ್ತಿತ್ತು. ಮುಂಚೆ ಬಂದವನಿಗೆ ಅಗ್ಗ, ತಡವಾಗಿ ಬಂದವನಿಗೆ ತುಟ್ಟಿ; ಆಸನ ಮಾತ್ರ ಎಲ್ಲರಿಗೂ ಒಂದೇ. ಆ ಸಂಸ್ಥೆ 2008ರಲ್ಲಿ ಕಿಂಗ್‌ಫಿಷರಿನೊಳಗೆ ಕರಗಿಹೋಯಿತು. ಗೂಡಿನ ಬೆಲೆಯೇನೆಂದು ಬಲ್ಲ ಮನುಷ್ಯನೊಬ್ಬ ಆಸನಕ್ಕೆ ಬೆಲೆ ಕಟ್ಟಿದ ರೀತಿಯಿದು ಎಂದು ನನಗೆ ಅನೇಕ ಸಲ ಅನಿಸಿದ್ದುಂಟು.

ಈಗಿನ ಸವಾಲಿಗೆ ಬರೋಣ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 2009ರಲ್ಲಿ ಹುಟ್ಟಿದ ಪ್ಲಸ್‌ಗ್ರೇಡ್ ಎಂಬ ಸಂಸ್ಥೆ, ಖಾಲಿ ಉಳಿಯುವ ಮೇಲ್ದರ್ಜೆಯ ಆಸನಗಳನ್ನು ಟಿಕೆಟ್ಟು ಕೊಂಡವರ ನಡುವೆಯೇ ಹರಾಜು ಹಾಕುವ ಯಂತ್ರವನ್ನು ಕಂಪೆನಿಗಳಿಗೆ ಒದಗಿಸಿತು. ಏರ್ ಇಂಡಿಯಾದಲ್ಲೂ ಇಂಥ ಸವಾಲಿಗೆ ಅವಕಾಶವುಂಟು. ಆಸ್ಟ್ರೇಲಿಯದ ಕ್ವಾಂಟಾಸ್ ಹಣ ಮತ್ತು ಪಾಯಿಂಟು ಎರಡನ್ನೂ ಬೆರೆಸಿ ಕೂಗುವ ಪದ್ಧತಿಯನ್ನೇ ತಂದಿತು. ಅದು 2022ರ ಸೆಪ್ಟೆಂಬರ್ 14ರಂದು ಸಿಡ್ನಿ ಮತ್ತು ಬೆಂಗಳೂರುಗಳ ನಡುವೆ ನೇರ ಹಾರಾಟ ತೊಡಗಿದ ಮೇಲೆ ನಮ್ಮವರಿಗೂ ಆ ಪದ್ಧತಿ ಹತ್ತಿರವಾಯಿತು.

ಸಾಮಾನ್ಯವಾಗಿ ಇದು ನಡೆಯುವ ಬಗೆ ಹೀಗೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಕಂಪೆನಿಯೇ ಗೆರೆ ಎಳೆದಿರುತ್ತದೆ. ಆ ಗೆರೆಯ ಮೇಲೆ ಗುಂಡಿಯೊಂದನ್ನು ಸರಿಸಿ ನಿಮ್ಮ ಬೆಲೆ ಹೇಳಬೇಕು. ಪಕ್ಕದ ಮುಳ್ಳೊಂದು ನಿಮ್ಮ ಸವಾಲು ದುರ್ಬಲವೋ ಬಲವೋ ಎಂದು ತೋರಿಸುತ್ತದೆ. ಆ ಮುಳ್ಳು ಕಂಪೆನಿಯದೇ. ಎದುರಾಳಿಗಳು ಎಷ್ಟು ಜನ, ಅವರು ಎಷ್ಟು ಕೂಗಿದರು, ಆಸನಗಳೆಷ್ಟು, ಒಂದೂ ತಿಳಿಯದು. ಒಂದೇ ಟಿಕೆಟ್ಟಿನಲ್ಲಿ ಇಬ್ಬರಿದ್ದರೆ ಇಬ್ಬರಿಗೂ ಕೂಗಬೇಕು, ಒಬ್ಬರಿಗೆ ಸಾಕೆನ್ನುವಂತಿಲ್ಲ. ಗೆದ್ದರೆ ಹಣ ಹೋಗುತ್ತದೆ, ಸೋತರೆ ಇಲ್ಲ. ಗೆದ್ದವನು ತಾನು ಕೂಗಿದ್ದನ್ನೇ ಪೂರ್ತಿ ತೆರಬೇಕು; ಅವನ ಹಿಂದಿನವನು ಅದರ ಅರ್ಧ ಕೂಗಿದ್ದರೂ ಅಷ್ಟೆ. ವಿಲಿಯಂ ವಿಕ್ರಿ ಎಂಬ ವಿದ್ವಾಂಸ 1961ರಲ್ಲೇ ಇಂಥ ಮುಚ್ಚಿದ ಸವಾಲಿನ ವಿವೇಚನೆ ಮಾಡಿದ್ದ. ಗೆದ್ದವನಿಂದ ಎರಡನೆಯವನ ಬೆಲೆಯನ್ನಷ್ಟೇ ಪಡೆದರೆ, ಯಾರೂ ಅಂಜಿಕೆಯಿಲ್ಲದೆ ತಮ್ಮ ಮನಸ್ಸಿನ ನಿಜವಾದ ಬೆಲೆ ಹೇಳುತ್ತಾರೆಂದು ತೋರಿಸಿಕೊಟ್ಟಿದ್ದ. 1996ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡ. ವಿಮಾನ ಕಂಪೆನಿಗಳು ಅವನ ಲಕೋಟೆಯನ್ನು ತೆಗೆದುಕೊಂಡವು, ನಿಯಮವನ್ನು ಬಿಟ್ಟವು.

ಪಾಯಿಂಟು ಬೆರೆತಾಗ ಮಬ್ಬು ಇನ್ನೂ ದಟ್ಟವಾಗುತ್ತದೆ. ಹತ್ತು ಸಾವಿರ ರೂಪಾಯಿ ಕೊಡುವವನ ಕೈ ಸ್ವಲ್ಪ ನಡುಗುತ್ತದೆ. ಹತ್ತು ಸಾವಿರ ಪಾಯಿಂಟು ಕೊಡುವವನಿಗೆ ತಾನು ಕೊಟ್ಟದ್ದೇನೆಂದೇ ಗೊತ್ತಾಗುವುದಿಲ್ಲ.

ನಮ್ಮ ರೈಲ್ವೆ ಇದಕ್ಕೆ ತೀರ ಬೇರೆಯಾದ ದಾರಿ ಹಿಡಿಯಿತು. 2006ರಲ್ಲಿ ಬಂದ ಯೋಜನೆಯಂತೆ ಮೇಲಿನ ದರ್ಜೆಯಲ್ಲಿ ಜಾಗ ಉಳಿದರೆ ಕೆಳಗಿನವರಲ್ಲಿ ಕೆಲವರನ್ನು ಕಂಪ್ಯೂಟರು ತಾನೇ ಆರಿಸಿ ಹೆಚ್ಚಿನ ಹಣವಿಲ್ಲದೆ ಏರಿಸುತ್ತದೆ. ಅವರು ಬಿಟ್ಟ ಜಾಗ ಕಾಯುವ ಪಟ್ಟಿಯಲ್ಲಿರುವ ಬೇರೊಬ್ಬನಿಗೆ ಸಿಗುತ್ತದೆ. ಕೇಳುವ ಮಾತಿಲ್ಲ, ಕೂಗುವ ಮಾತಿಲ್ಲ.

ರೇಷ್ಮೆಯವರಿಗೆ ಈ ಕತ್ತಲೆ ಹಳೆಯ ಪರಿಚಯ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ನೀವು ನೋಡಿರಬಹುದು. ಟವೆಲಿನ ಹೊರಗಿದ್ದವನಿಗೆ ಏನೂ ತಿಳಿಯದು. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಗೂಡು ಕೊಡುವ ರೈತನೂ ಪೇಟೆಯ ಧಾರಣೆ ತಿಳಿಯದೆ ಹಾಗೆಯೇ ಹೊರಗೆ ನಿಲ್ಲಬೇಕಾಗಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆ ಬೆರಳೆಣಿಕೆಯ ದಿನಗಳಲ್ಲಿ ಮಾರಲೇಬೇಕು. ತಡೆದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ಕೆಡುತ್ತದೆ. ಖಾಲಿ ಆಸನವೂ ಅಂಥದೇ ಸರಕು, ವಿಮಾನ ಏರಿತೆಂದರೆ ಅದಕ್ಕೆ ಬೆಲೆಯಿಲ್ಲ. 1959ರ ಕಾನೂನು ಮತ್ತು ಅದಕ್ಕೆ ಮುಂದೆ ಆದ ತಿದ್ದುಪಡಿಗಳು ಗೂಡಿನ ವ್ಯಾಪಾರವನ್ನು ಮರೆಯಿಂದ ಸರ್ಕಾರಿ ಮಾರುಕಟ್ಟೆಯ ಬಯಲಿಗೆ ತಂದವು. ರಾಮನಗರ, ಕನಕಪುರ, ಶಿಡ್ಲಘಟ್ಟಗಳಲ್ಲಿ ಒಂದೊಂದು ಲಾಟಿಗೂ ಸಂಖ್ಯೆ ಬಿತ್ತು. ರೀಲರುಗಳು ಹಿಡಿ ಗೂಡನ್ನು ಕೈಗೆತ್ತಿಕೊಂಡು ನೋಡಿ ಎಲ್ಲರೆದುರು ಕೂಗುತ್ತಿದ್ದರು. ಕೂಗಿನ ಜಾಗಕ್ಕೆ ಈಚೆಗೆ ಮೊಬೈಲು ಬಂದಿದೆ. ಆದರೂ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಅಧಿಕಾರ ರೈತನಿಗುಂಟು.

ನನ್ನ ಪರಿಚಯದ ಹಿರಿಯರು ಗುಂಡಿ ಸರಿಸುತ್ತ ಕುಳಿತ ಸಂಜೆ ನಾನೂ ಅಲ್ಲಿದ್ದೆ. ಆಕೆಗೊಬ್ಬಳಿಗೆ ಸಾಕೆಂದು ಅವರ ಆಸೆ. ಇಬ್ಬರಿಗೂ ಕೂಗದೆ ದಾರಿಯಿರಲಿಲ್ಲ. ಹಳೆಯ ಪ್ರಯಾಣಗಳ ಪಾಯಿಂಟುಗಳನ್ನೆಲ್ಲ ಸುರಿದರು, ಮೇಲೆ ಪಿಂಚಣಿಯಿಂದ ಒಂದಿಷ್ಟು ಸೇರಿಸಿದರು. ಮುಳ್ಳು ನಡುವೆ ನಿಂತಿತು. ಇನ್ನೊಂದಿಷ್ಟು ಸರಿಸಿ, ಮತ್ತೆ ಹಿಂದಕ್ಕೆ ತಂದರು. “ಮಾರ್ಕೆಟ್ಟಿನಲ್ಲಾದರೆ ಪಕ್ಕದವನ ಮುಖ ನೋಡಿಯಾದರೂ ತಿಳಿಯುತ್ತಿತ್ತು. ನಮ್ಮಪ್ಪ ಮುಖ ನೋಡಿಯೇ ಹೇಳುತ್ತಿದ್ದರು, ಇವನು ಇನ್ನೂ ಎರಡು ರೂಪಾಯಿ ಏರಿಸುತ್ತಾನೆ ಅಂತ,” ಎಂದರು. ಒಳಗಿನಿಂದ ಆಕೆ ಎಷ್ಟಕ್ಕೆ ಕೂಗಿದಿರೆಂದು ಕೇಳಿದಾಗ, ಇದ್ದುದಕ್ಕಿಂತ ಕಡಮೆ ಹೇಳಿದರು.

ಹೊರಡುವ ಹಿಂದಿನ ದಿನ ಉತ್ತರ ಬಂದಿತು, ಈ ಬಾರಿ ನಿಮ್ಮ ಸವಾಲು ಅಂಗೀಕಾರವಾಗಿಲ್ಲ ಎಂದು. ಎಷ್ಟು ಕಡಮೆಯಾಯಿತೆಂದು ಅದರಲ್ಲಿ ಇರಲಿಲ್ಲ. ಪಾಯಿಂಟುಗಳು ಲೆಕ್ಕಕ್ಕೆ ಮರಳಿದ್ದವು. ಆಕೆ ಮಂಡಿಗೆ ಕಟ್ಟುವ ಪಟ್ಟಿಯನ್ನೂ ಎಣ್ಣೆಯ ಸಣ್ಣ ಶೀಶೆಯನ್ನೂ ಕೈಚೀಲದ ಮೇಲುಗಡೆಗೆ ಇಟ್ಟುಕೊಂಡರು. ಬೆಳಗಿನ ಜಾವದ ವಿಮಾನಕ್ಕೆ ರಾತ್ರಿ ಹತ್ತಕ್ಕೇ ಹೊರಡಬೇಕು. ತಲಘಟ್ಟಪುರದಿಂದ ದೇವನಹಳ್ಳಿಯೆಂದರೆ ಊರಿನ ಈ ತುದಿಯಿಂದ ಆ ತುದಿ.