ಬಾಣಂತಿಯ ಮಗ್ಗುಲಲ್ಲಿ ನಿಲ್ಲುವವರ ಕಲಿಕೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ದೇಶದ ಆಸ್ಪತ್ರೆ ಹೆರಿಗೆಗಳು ಶೇ. 78.9 ಇದ್ದವು, ಐದನೆಯ ಸುತ್ತಿಗೆ (2019-21) ಶೇ. 88.6ಕ್ಕೆ ಏರಿದವು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ ಮಾತ್ರ ಶೇ. 41.6ರಿಂದ 41.8ಕ್ಕೆ ಬಂದು ನಿಂತಿತು. ಸಿಸೇರಿಯನ್ ಹೆಚ್ಚಿದ್ದೂ ಇದಕ್ಕೆ ಒಂದು ಕಾರಣವಿರಬಹುದು. ಆದರೆ ಹೆರಿಗೆ ವಾರ್ಡುಗಳು ಬೆಳೆದಷ್ಟು ಬೇಗ, ಕೂಸಿಗೆ ಮೊಲೆ ಹಿಡಿಸುವುದು ಗೊತ್ತಿರುವ ಸಿಬ್ಬಂದಿ ತಯಾರಾಗಲಿಲ್ಲ ಎಂಬುದೇ ನನಗೆ ಕಾಣುವ ಮುಖ್ಯ ಕಾರಣ.

ಈ ಕೊರತೆ ಇವತ್ತಿನದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳು ಕೂಸನ್ನು ತಾಯಿಯಿಂದ ದೂರ ನರ್ಸರಿಯಲ್ಲಿ ಮಲಗಿಸಿ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲು ಕೊಡಿಸುತ್ತಿದ್ದವು. ವೈದ್ಯರು, ದಾದಿಯರು ಕಲಿತದ್ದು ಹೆಚ್ಚಾಗಿ ಬಾಟಲಿ ಹಾಲಿನ ಲೆಕ್ಕ. ಕೈತಪ್ಪಿದ್ದ ಅರಿವನ್ನು ಮತ್ತೆ ಒಟ್ಟುಮಾಡಿದವರು ತಾಯಂದಿರೇ. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಏಳು ಮಹಿಳೆಯರು ಲಾ ಲೆಚೆ ಲೀಗ್ ಎಂಬ ತಾಯಂದಿರ ಸಂಘಟನೆ ಕಟ್ಟಿದರು. 1985ರಲ್ಲಿ ಸ್ತನ್ಯಪಾನ ಸಲಹೆಗಾರರಿಗಾಗಿ ಅಂತರರಾಷ್ಟ್ರೀಯ ಪರೀಕ್ಷಾ ಮಂಡಳಿ ಹುಟ್ಟಿ, ಈ ಅರಿವು ಒಂದು ವೃತ್ತಿಯಾಯಿತು. ಆ ಮಂಡಳಿ ಕೊಡುವ ಪ್ರಮಾಣಪತ್ರಕ್ಕೆ ಐದೇ ವರ್ಷ ಆಯುಸ್ಸು. ಒಮ್ಮೆ ಪಾಸಾದರೆ ಜೀವನಪರ್ಯಂತ ಸಾಕು ಎಂಬ ಭಾವನೆಗೆ ಅಲ್ಲಿ ಜಾಗವಿಲ್ಲ.

ಆಸ್ಪತ್ರೆಯ ಸಾಮಾನ್ಯ ಸಿಬ್ಬಂದಿಯತ್ತ ಗಮನ ಹರಿದದ್ದು 1989ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಯಶಸ್ವಿ ಸ್ತನ್ಯಪಾನಕ್ಕೆ ಹತ್ತು ಹೆಜ್ಜೆಗಳ ಸೂತ್ರ ಪ್ರಕಟಿಸಿದಾಗ. ಅದರ ಎರಡನೆಯ ಹೆಜ್ಜೆಯೇ ಸಿಬ್ಬಂದಿಯ ತರಬೇತಿ. 1991ರಲ್ಲಿ ಶಿಶುಸ್ನೇಹಿ ಆಸ್ಪತ್ರೆ ಯೋಜನೆ ಶುರುವಾದ ಮೇಲೆ 18 ಗಂಟೆಗಳ ಪಾಠ ನಿಗದಿಯಾಯಿತು. ಅದರಲ್ಲಿ ಮೂರು ಗಂಟೆ ಬಾಣಂತಿಯರ ಜೊತೆಗಿನ ಅಭ್ಯಾಸ. ಇಷ್ಟರಿಂದ ಏನಾದೀತು ಎನ್ನುವವರಿಗೆ ಬೆಲಾರುಸ್ ಉತ್ತರ ಕೊಟ್ಟಿತು. ಸಂಶೋಧಕ ಮೈಕೆಲ್ ಕ್ರೇಮರ್ ನೇತೃತ್ವದಲ್ಲಿ 31 ಆಸ್ಪತ್ರೆಗಳ 17,046 ತಾಯಿ-ಮಗುವಿನ ಜೋಡಿಗಳನ್ನು ಅಲ್ಲಿ ಅಧ್ಯಯನ ಮಾಡಲಾಯಿತು. ಸಿಬ್ಬಂದಿಗೆ ತರಬೇತಿ ಕೊಟ್ಟು ಪದ್ಧತಿ ಬದಲಿಸಿದ ಕಡೆ, ಮೂರು ತಿಂಗಳ ವಯಸ್ಸಿನಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಶೇ. 43.3, ಉಳಿದ ಕಡೆ ಶೇ. 6.4. 2001ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ನರ್ಸಿಂಗ್ ಕಾಲೇಜಿನ ಗೋಡೆಯ ಮೇಲೆ ಬರೆಸಬೇಕು ಅನ್ನಿಸುತ್ತದೆ.

ಭಾರತದಲ್ಲಿ 1991ರಲ್ಲೇ ಸ್ತನ್ಯಪಾನವನ್ನು ಪ್ರೋತ್ಸಾಹಿಸುವ ಬಿಪಿಎನ್‌ಐ ಸಂಸ್ಥೆ ವಾರ್ಧಾದಲ್ಲಿ ಹುಟ್ಟಿತು. ಮರುವರ್ಷ ಡಬ್ಬಿ ಹಾಲಿನ ಪುಡಿಯ ಪ್ರಚಾರಕ್ಕೆ ಲಗಾಮು ಹಾಕುವ ಕಾಯ್ದೆ ಬಂತು. ವೈದ್ಯರ, ದಾದಿಯರ ಕಲಿಕೆಗೂ ಇದಕ್ಕೂ ನೇರ ನಂಟಿದೆ: 2003ರ ತಿದ್ದುಪಡಿಯ ನಂತರ, ಹಾಲಿನ ಪುಡಿ ಮಾರುವ ಕಂಪನಿಗಳು ಆರೋಗ್ಯ ಕಾರ್ಯಕರ್ತರ ವಿಚಾರಸಂಕಿರಣ, ಸಮ್ಮೇಳನ, ಕೋರ್ಸುಗಳಿಗೆ ಹಣ ಕೊಡುವುದೂ ಅಪರಾಧ. ಬಾಟಲಿ ಹಾಲು ಮಾರುವವರ ಖರ್ಚಿನಲ್ಲಿ ಎದೆಹಾಲಿನ ಪಾಠ ಕೇಳಬಾರದು. ಈ ವಿಷಯದಲ್ಲಿ ಸಡಿಲಿಕೆ ಸಲ್ಲದು. 2016ರಲ್ಲಿ ಎದೆಹಾಲನ್ನು ಉತ್ತೇಜಿಸುವ ಕೇಂದ್ರ ಸರ್ಕಾರದ ‘ಮಾ’ ಕಾರ್ಯಕ್ರಮ ದಾದಿಯರು, ಎಎನ್‌ಎಂಗಳು, ಆಶಾ ಕಾರ್ಯಕರ್ತೆಯರ ತರಬೇತಿಯನ್ನೂ ಸೇರಿಸಿಕೊಂಡಿತು.

ಬಹುಕಾಲ ಈ ಪಾಠಗಳಲ್ಲಿ ಬಾಣಂತಿ ಹಾಲು ಕೊಡುವವಳಷ್ಟೇ ಆಗಿದ್ದಳು. ಅವಳ ಸ್ವಂತ ಆರೋಗ್ಯ ಪಠ್ಯದೊಳಗೆ ಬಂದದ್ದು ತಡವಾಗಿ. ಬಾಣಂತಿಯ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪಕ, ಬರೀ ಹತ್ತು ಪ್ರಶ್ನೆಗಳದ್ದು, 1987ರಲ್ಲೇ ಸಿದ್ಧವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ತೊಂದರೆಯಿರುವ ಬಾಣಂತಿಯನ್ನು ಕೂಸಿನ ಜೊತೆಗೇ ದಾಖಲಿಸಿಕೊಳ್ಳುವ ತಾಯಿ-ಮಗು ಘಟಕ 2009ರಲ್ಲಿ ಆರಂಭವಾಯಿತು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 42 ದಿನಗಳೊಳಗೆ ಆರು ಸಲ ಹೋಗುವ ಆಶಾ ಕಾರ್ಯಕರ್ತೆಗೆ, ಕೂಸಿನ ತೂಕ ನೋಡುವುದರ ಜೊತೆಗೆ ತಾಯಿ ನಿದ್ದೆ ಮಾಡಿದಳೇ, ಊಟ ಸೇರುತ್ತಿದೆಯೇ, ಯಾಕೆ ಅಳುತ್ತಿದ್ದಾಳೆ ಎಂದು ಕೇಳುವ ಅಭ್ಯಾಸವನ್ನೂ ಕೊಡಬೇಕು. ಬಾಣಂತನ ಅಂದರೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯವಷ್ಟೇ ಅಲ್ಲವಲ್ಲ.

ಕಲಿಕೆ ಯಾಕೆ ನಿಲ್ಲಬಾರದು ಎಂಬುದಕ್ಕೆ ಎದೆ ಬಾವಿನ ಉದಾಹರಣೆಯೊಂದೇ ಸಾಕು. ಬಿಸಿ ಶಾಖ ಕೊಡಿ, ಒತ್ತಿ ತಿಕ್ಕಿ, ಹಾಲನ್ನು ಪೂರ್ತಿ ಬರಿದು ಮಾಡಿ ಎಂದು ಎಷ್ಟೋ ಕಾಲ ಹೇಳಿಕೊಟ್ಟರು. 2022ರಲ್ಲಿ ಅಂತರರಾಷ್ಟ್ರೀಯ ಸ್ತನ್ಯಪಾನ ವೈದ್ಯರ ಅಕಾಡೆಮಿ ಅದನ್ನು ತಿರುವು ಮುರುವು ಮಾಡಿತು: ತಣ್ಣನೆಯ ಪಟ್ಟಿ ಇಡಿ, ಗಟ್ಟಿಯಾಗಿ ತಿಕ್ಕಬೇಡಿ, ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಲು ತೆಗೆಯಬೇಡಿ. ಹತ್ತು ವರ್ಷದ ಹಿಂದೆ ತರಬೇತಿ ಮುಗಿಸಿ ಮತ್ತೆ ಪುಸ್ತಕ ಮುಟ್ಟದ ದಾದಿ ಇವತ್ತೂ ಹಳೆಯದನ್ನೇ ಒಳ್ಳೆಯ ಮನಸ್ಸಿನಿಂದ ಹೇಳುತ್ತಾಳೆ. ನೋವು ತಿನ್ನುವವಳು ಬಾಣಂತಿ.

ಹತ್ತು ಹೆಜ್ಜೆಗಳನ್ನು 2018ರಲ್ಲಿ ಪರಿಷ್ಕರಿಸಿದಾಗ ಗಂಟೆಗಳ ಲೆಕ್ಕ ಹಿಂದೆ ಸರಿದು, ಸಿಬ್ಬಂದಿಗೆ ಕೆಲಸ ಬರುತ್ತದೆಯೇ ಎಂದು ಪರೀಕ್ಷಿಸುವುದು ಮುಂದೆ ಬಂತು. ಅದು ಸರಿಯಾದ ದಾರಿ. ಹಾಲು ಸಾಲುತ್ತಿಲ್ಲ ಎಂದು ಅಳುವವಳಿಗೆ ಎದೆಹಾಲಿನ ಗುಣಗಾನದಿಂದ ಏನೂ ಆಗದು. ಪಕ್ಕ ಕೂತು, ಕೂಸು ಬಾಯಿ ಅಗಲಿಸಿ ಹಿಡಿದಿದೆಯೇ, ಗುಟುಕರಿಸುತ್ತಿದೆಯೇ ಎಂದು ನೋಡುವವರು ಬೇಕು. ಅದನ್ನು ಸಭಾಂಗಣದ ಪರದೆಯ ಮೇಲೆ ಕಲಿಯಲಾಗದು. ಆಸ್ಪತ್ರೆ ನಡೆಸುವವರು ಬಾಣಂತಿ ವಾರ್ಡಿನ ದಾದಿಯರಿಗೆ ಈ ಕಲಿಕೆಯನ್ನು ಡ್ಯೂಟಿ ಸಮಯದಲ್ಲೇ, ವಾರ್ಡಿನಲ್ಲೇ, ಎರಡು ವರ್ಷಕ್ಕೊಮ್ಮೆಯಾದರೂ ಕೊಡಿಸಲಿ.